ಮೂವತ್ತು ದಾಟಿದ ಮೇಲೂ ವಿಡಿಯೋ ಗೇಮ್ ಆಡುವುದು ಟೈಮ್ ವೇಸ್ಟಾ? ಮನೆಯಲ್ಲಿ ಪಿಯು ಓದುವ ಹುಡುಗ ಬೇರೆ ಇದ್ದಾನೆ

ಬೆಣ್ಣೆದೋಸೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಹೇಳಿ.

ಊರು ದಾವಣಗೆರೆ, ಅಕೌಂಟ್ಸ್ ಕೆಲಸ, ವಯಸ್ಸು 34. ಮಗಳು ಮಲಗಿದ ಮೇಲೆ ರಾತ್ರಿ ಹತ್ತರ ಸುಮಾರಿಗೆ ಕಂಪ್ಯೂಟರ್ ಮುಂದೆ ಕೂರುತ್ತೇನೆ. ಒಂದು ಗಂಟೆ ಆಡುತ್ತೇನೆ, ಶನಿವಾರ ಇನ್ನೂ ಸ್ವಲ್ಪ ಹೊತ್ತು. ಹೆಚ್ಚಾಗಿ ಸಾಮ್ರಾಜ್ಯ ಕಟ್ಟಿ ಯುದ್ಧ ಮಾಡುವ ಏಜ್ ಆಫ್ ಎಂಪೈರ್ಸ್ 2, ಮಧ್ಯೆ ಮಧ್ಯೆ ವಿಚರ್ 3 ತರಹದ ಕಥೆ ಇರುವ ಗೇಮ್. ದಿನವಿಡೀ ಟ್ಯಾಲಿ, ಜಿಎಸ್‌ಟಿ ರಿಟರ್ನ್, ಇನ್‌ವಾಯ್ಸ್ ನೋಡಿ ನೋಡಿ ತಲೆ ಭಾರ ಆಗಿರುತ್ತದೆ. ಆ ಒಂದು ಗಂಟೆ ಆಫೀಸು ನೆನಪಿಗೇ ಬರುವುದಿಲ್ಲ. ಟಿವಿ ನೋಡಿದರೆ ನನಗೆ ಹಾಗೆ ಆಗುವುದಿಲ್ಲ, ಕಣ್ಣು ಟಿವಿ ಮೇಲಿದ್ದರೂ ತಲೆಯಲ್ಲಿ ಆಫೀಸೇ ಓಡುತ್ತಿರುತ್ತದೆ.

ಅಪ್ಪನಿಗೆ ಇದು ಹಿಡಿಸುವುದಿಲ್ಲ. ಅವರು ನಿವೃತ್ತ ಮೇಷ್ಟ್ರು. "ಮಗು ಆಡೋ ವಯಸ್ಸಲ್ಲಿ ಅಪ್ಪ ಆಡ್ತಾನೆ" ಅಂತ ಅಮ್ಮನ ಹತ್ತಿರ ಹೇಳುತ್ತಾರೆ, ನನಗೆ ಕೇಳಿಸುವ ಹಾಗೆ. ಅದೇ ಹೊತ್ತಲ್ಲಿ ಏನಾದರೂ ಪರೀಕ್ಷೆ ಕಟ್ಟಬಹುದಲ್ಲ, ಹೊಸದು ಕಲಿಯಬಹುದಲ್ಲ ಅನ್ನುವುದು ಅವರ ವಾದ. ನಾನು ಎದುರು ಮಾತಾಡಿಲ್ಲ. ಆದರೆ ಅವರ ಮಾತಿಗೆ ಗಟ್ಟಿ ಉತ್ತರವೂ ನನ್ನ ಹತ್ತಿರ ಇಲ್ಲ.

ಈಗ ವಿಷಯ ಇನ್ನೂ ಬಿಗಿಯಾಗಿದೆ. ಅಕ್ಕನ ಮಗ ಈ ವರ್ಷ ಫಸ್ಟ್ ಪಿಯುಗೆ ಇಲ್ಲಿ ಸೇರಿದ್ದಾನೆ, ನಮ್ಮ ಮನೆಯಲ್ಲೇ ಇದ್ದಾನೆ. ಒಳ್ಳೆಯ ಹುಡುಗ, ಮರ್ಯಾದೆ ಕೊಡುತ್ತಾನೆ. ಆದರೆ ಫೋನಿನಲ್ಲಿ ಬಿಜಿಎಂಐ, ಆನ್‌ಲೈನ್‌ನಲ್ಲಿ ತಂಡ ಕಟ್ಟಿಕೊಂಡು ಆಡುವ ಬಂದೂಕಿನ ಗೇಮ್. ರಾತ್ರಿ ಒಂದು ಗಂಟೆಗೆ ಹೊದಿಕೆ ಒಳಗಿಂದ ಪಿಸುಗುಟ್ಟುವ ದನಿ ಕೇಳುತ್ತದೆ, ಸ್ಕ್ವಾಡ್ ಜೊತೆ, ಅಂದರೆ ಜೊತೆಗೆ ಆಡುವ ತಂಡದ ಜೊತೆ ಮಾತು. ಬೆಳಿಗ್ಗೆ ಎಬ್ಬಿಸುವುದೇ ಸಾಹಸ. ಅಕ್ಕ ಫೋನ್ ಮಾಡಿ "ನೀನೇ ಬುದ್ಧಿ ಹೇಳೋ" ಅಂದಳು. ಹೇಳಲು ಹೋದರೆ ಅವನು "ಮಾಮ, ನೀವೂ ಆಡ್ತೀರಲ್ಲ" ಅಂದ. ಕೊಂಕಿನಿಂದ ಹೇಳಿದ್ದಲ್ಲ, ನಿಜವಾಗಿ ಅರ್ಥವಾಗದೆ ಕೇಳಿದ್ದು.

ಹಾಗಾಗಿ ಎರಡು ಪ್ರಶ್ನೆ. ನಾನು ಆಡುವುದಕ್ಕೆ ಏನಾದರೂ ಬೆಲೆ ಇದೆಯಾ, ಅಥವಾ ಅಪ್ಪ ಹೇಳುವುದೇ ಸರಿಯಾ? ಮತ್ತೆ, ನಾನೂ ಆಡಿಕೊಂಡು ಅವನಿಗೆ ಬೇಡ ಅನ್ನಲು ನನಗೆ ಯಾವ ಮುಖ ಇದೆ?

ಹಳೇ ಕೀಬೋರ್ಡ್:

ನೀವು ಆಡುವುದು ಮತ್ತು ಹುಡುಗ ಆಡುವುದು ಎರಡನ್ನೂ ಗೇಮ್ ಅಂತಲೇ ಕರೆಯುತ್ತೇವೆ, ಅಲ್ಲೇ ಗೊಂದಲ ಶುರು. ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ, ಸೈಬರ್ ಕೆಫೆಯಲ್ಲಿ ಕೌಂಟರ್ ಸ್ಟ್ರೈಕ್ ಆಡಿ ಬೆಳೆದವನು, ಈಗಲೂ ಆಡುತ್ತೇನೆ. ನಾನು ಮೊದಲು ನೋಡುವುದು ಒಂದೇ ವಿಷಯ. ಈ ಗೇಮ್ ನನ್ನನ್ನು ಎದ್ದು ಹೋಗಲು ಬಿಡುತ್ತದಾ?

ವಿಚರ್ 3 ತೆಗೆದುಕೊಳ್ಳಿ. 2015ರ ಗೇಮ್. ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು. ಎಲ್ಲಿ ಬೇಕಾದರೂ ಆಟ ತಡೆದು ನಿಲ್ಲಿಸಬಹುದು, ಹೆಚ್ಚು ಕಡಿಮೆ ಎಲ್ಲಿ ಬೇಕಾದರೂ ಸೇವ್ ಮಾಡಬಹುದು. ಮಗಳು ಎದ್ದು ಅತ್ತರೆ ಒಂದು ಬಟನ್ ಒತ್ತಿ ಹೋಗುತ್ತೀರಿ. ಹದಿನೈದು ದಿನ ಮುಟ್ಟದಿದ್ದರೂ ಬಿಟ್ಟ ಜಾಗದಲ್ಲೇ ಇರುತ್ತದೆ, ಏನೂ ಕಳೆದುಹೋಗುವುದಿಲ್ಲ. ಮುಖ್ಯ ಕಥೆಗೇ 50 ಗಂಟೆ ಹತ್ತಿರ ಬೇಕು, ಆದರೆ ಅದಕ್ಕೊಂದು ಕೊನೆ ಇದೆ. ಮಾಡಿದ ಕಂಪನಿಗೆ ನೀವು ದಿನಾ ಬರಲೇಬೇಕು ಅನ್ನುವ ಹಟ ಇಲ್ಲ, ಅವರ ದುಡ್ಡು ಅವರಿಗೆ ಆಗಲೇ ಸಿಕ್ಕಿದೆ.

ಈಗ ಬಿಜಿಎಂಐ ನೋಡಿ. ಫ್ರೀ. ಕಂಪನಿಗೆ ದುಡ್ಡು ಬರುವುದು ನೀವು ಯುಸಿ ಅನ್ನುವ ಆಟದೊಳಗಿನ ನಾಣ್ಯ ಕೊಂಡು, ಸೀಸನ್ ಪಾಸ್ ತೆಗೆದುಕೊಂಡು, ಕ್ರೇಟ್ ಅನ್ನುವ ಪೆಟ್ಟಿಗೆ ಒಡೆದು, ಬಂದೂಕಿಗೆ ಬಟ್ಟೆಗೆ ಸ್ಕಿನ್ ಅಂದರೆ ಹೊಸ ಬಣ್ಣ, ಅಲಂಕಾರ ಹಾಕಿಸಿದಾಗ. ಅದಕ್ಕೆ ನೀವು ದಿನಾ ಬರಬೇಕು. ಹಾಗಾಗಿ ದಿನಾ ಲಾಗಿನ್ ಆದರೆ ಒಂದು ಬಹುಮಾನ. ಇಷ್ಟು ದಿನದ ಒಳಗೆ ಆಡದಿದ್ದರೆ ಕೈತಪ್ಪುವ ಈವೆಂಟ್. ಕಷ್ಟಪಟ್ಟು ರ‍್ಯಾಂಕ್ ಏರಿಸಿದರೆ ಹೊಸ ಸೀಸನ್‌ಗೆ ಮತ್ತೆ ಕೆಳಗೆ ಇಳಿಸುತ್ತಾರೆ. ಕ್ರೇಟ್ ಒಡೆದಾಗ ಏನು ಬರುತ್ತದೆ ಅನ್ನುವುದು ಅದೃಷ್ಟ, ಪ್ರತಿ ಸಲ ಸಿಗದೆ ಯಾವಾಗಲೋ ಸಿಗುವ ಬಹುಮಾನದ ಹಿಂದೆ ಮನಸ್ಸು ಎಷ್ಟು ಓಡುತ್ತದೆ ಅನ್ನುವುದು ಜೂಜಿನ ಅಡ್ಡೆ ನಡೆಸುವವರಿಗೆ ಮೊದಲಿಂದ ಗೊತ್ತಿರುವ ವಿಷಯ. ಬೆಲ್ಜಿಯಂ 2018ರಲ್ಲೇ ಈ ತರಹದ ದುಡ್ಡು ಕೊಟ್ಟು ಒಡೆಯುವ ಪೆಟ್ಟಿಗೆಗಳನ್ನು ಜೂಜು ಅಂತ ಘೋಷಿಸಿ ನಿಲ್ಲಿಸಿತು.

ಇನ್ನೊಂದು ಇದೆ, ದೊಡ್ಡವರಿಗೆ ಇದು ಗೊತ್ತಾಗುವುದಿಲ್ಲ. ದೊಡ್ಡ ಮ್ಯಾಪಿನ ಒಂದು ಮ್ಯಾಚ್ ಅರ್ಧ ಗಂಟೆ ಹತ್ತಿರ ಹೋಗುತ್ತದೆ, ನಡುವೆ ತಡೆದು ನಿಲ್ಲಿಸುವ ಬಟನ್ ಇಲ್ಲ. ನಾಲ್ಕು ಜನರ ಸ್ಕ್ವಾಡ್‌ನಲ್ಲಿ ಒಬ್ಬ ಎದ್ದು ಹೋದರೆ ಉಳಿದ ಮೂವರಿಗೆ ನಷ್ಟ, ಮಾರನೇ ದಿನ ಕಾಲೇಜಲ್ಲಿ ಬೈಗುಳ. "ಊಟಕ್ಕೆ ಬಾ" ಅಂದಾಗ ಹುಡುಗ "ಐದು ನಿಮಿಷ" ಅಂದರೆ ಅದು ಸೊಕ್ಕಲ್ಲ, ನಿಜವಾಗಿಯೂ ಅವನು ಆ ಹೊತ್ತಿಗೆ ಸಿಕ್ಕಿಹಾಕಿಕೊಂಡಿರುತ್ತಾನೆ. ಊಟಕ್ಕೆ ಕಾಲು ಗಂಟೆ ಮೊದಲೇ "ಇನ್ನೊಂದು ಮ್ಯಾಚ್ ಶುರು ಮಾಡಬೇಡ" ಅಂದು ನೋಡಿ, ಅರ್ಧ ಜಗಳ ಅಲ್ಲೇ ಕಡಿಮೆ ಆಗುತ್ತದೆ.

ಹಾಗಾಗಿ ಅವನ ಪ್ರಶ್ನೆಗೆ ಉತ್ತರ ಇದೆ. ನಾನೂ ಆಡುತ್ತೇನೆ, ಹನ್ನೊಂದಕ್ಕೆ ಎದ್ದು ಹೋಗುತ್ತೇನೆ, ನೀನು ಎದ್ದು ಹೋಗಬಲ್ಲೆಯಾ? ಇದನ್ನು ಬೈಯುವ ದನಿಯಲ್ಲಿ ಕೇಳಬೇಡಿ. ಕಂಪನಿ ಹೇಗೆ ದುಡ್ಡು ಮಾಡುತ್ತದೆ ಅಂತ ಕೂತು ವಿವರಿಸಿ. ಈ ವಯಸ್ಸಿನ ಹುಡುಗರಿಗೆ ತಮ್ಮನ್ನು ಯಾರೋ ಆಡಿಸುತ್ತಿದ್ದಾರೆ ಅಂದರೆ ಸಿಟ್ಟು ಬರುತ್ತದೆ, ಆ ಸಿಟ್ಟು ನಮ್ಮ ಉಪದೇಶಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಗಣಿತ ಮೇಡಂ:

ನಾನು ಹಾಸನದ ಕಡೆ ಪಿಯು ಕಾಲೇಜಲ್ಲಿ ಗಣಿತ ಹೇಳಿಕೊಡುತ್ತೇನೆ. ಮೇಲಿನವರು ಹೇಳಿದ್ದು ಸರಿ ಇದೆ. ಆದರೆ ನಾನು ಇನ್ನೊಂದು ಕಡೆಯಿಂದ ನೋಡುತ್ತೇನೆ. ಗೇಮ್ ಯಾವುದು ಅನ್ನುವುದಕ್ಕಿಂತ ಅದು ಯಾವುದರ ಹೊತ್ತನ್ನು ತಿನ್ನುತ್ತಿದೆ ಅನ್ನುವುದು ನನಗೆ ಮುಖ್ಯ.

ಬೆಣ್ಣೆದೋಸೆ ಅವರೇ, ನಿಮ್ಮ ಒಂದು ಗಂಟೆ ಟಿವಿ ಹೊತ್ತನ್ನೋ ಫೋನ್ ಸ್ಕ್ರಾಲ್ ಮಾಡುವ ಹೊತ್ತನ್ನೋ ತಿನ್ನುತ್ತದೆ. ಹುಡುಗನದು ನಿದ್ದೆ ತಿನ್ನುತ್ತಿದೆ. ಹದಿನಾರು ಹದಿನೇಳರ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ರಾತ್ರಿ ಒಂದೂವರೆಗೆ ಮಲಗಿ ಆರಕ್ಕೆ ಎದ್ದು ಟ್ಯೂಷನ್‌ಗೆ ಹೋಗಿ ಒಂಬತ್ತೂವರೆಗೆ ನನ್ನ ಕ್ಲಾಸಿಗೆ ಬಂದು ಕೂತರೆ ಡಿಫರೆನ್ಶಿಯೇಷನ್ ಎಲ್ಲಿಂದ ತಲೆಗೆ ಹೋಗಬೇಕು? ಕಣ್ಣು ತೆರೆದೇ ಇರುತ್ತದೆ, ನೋಟ ಮಾತ್ರ ಬೋರ್ಡ್ ದಾಟಿ ಎಲ್ಲೋ ಹೋಗಿರುತ್ತದೆ. ಕ್ಲಾಸಲ್ಲಿ ನೋಡಿದ ತಕ್ಷಣ ನನಗೆ ಗೊತ್ತಾಗುತ್ತದೆ.

ಒಂದು ಮಾತು ಎಲ್ಲ ಅಪ್ಪ ಅಮ್ಮಂದಿರಿಗೂ. ದಯವಿಟ್ಟು ಮಗುವನ್ನು "ಅಡಿಕ್ಟ್" ಅಂತ ಕರೆಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ, 2022ರ ಜನವರಿಯಿಂದ ಜಾರಿಗೆ ಬಂದ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಇದೆ, ನಿಜ. ಆದರೆ ಅದನ್ನು ಹೇಳುವುದಕ್ಕೆ ಅಳತೆ ಇದೆ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಬೇರೆ ಎಲ್ಲದಕ್ಕಿಂತ ಆಟವೇ ಮುಂದೆ ಬಂದಿರಬೇಕು, ಹಾನಿ ಆಗುತ್ತಿದೆ ಅಂತ ಗೊತ್ತಿದ್ದೂ ಮುಂದುವರಿಸುತ್ತಿರಬೇಕು, ಓದು, ಮನೆ, ಸಂಬಂಧ ಎಲ್ಲಾದರೂ ದೊಡ್ಡ ಏಟು ಬಿದ್ದಿರಬೇಕು. ಇದೆಲ್ಲ ಸಾಮಾನ್ಯವಾಗಿ 12 ತಿಂಗಳಾದರೂ ನಡೆದಿರಬೇಕು. ಪರೀಕ್ಷೆ ಮುಗಿದ ರಜೆಯಲ್ಲಿ ದಿನವಿಡೀ ಆಡಿದ ಹುಡುಗ ರೋಗಿ ಅಲ್ಲ. ನಿಜವಾಗಿ ಆ ಮಟ್ಟ ಮುಟ್ಟಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶಟ್ ಕ್ಲಿನಿಕ್ ಇದೆ, 2014ರಿಂದ ಇಂಥದ್ದನ್ನೇ ನೋಡುತ್ತಿದ್ದಾರೆ. ಅಲ್ಲಿಗೆ ಹೋಗಲು ನಾಚಿಕೆ ಬೇಡ.

ಕಾನೂನಿನಿಂದ ಇದು ಸರಿ ಹೋಗುತ್ತದೆ ಅನ್ನುವವರಿಗೂ ಒಂದು ಮಾತು. ದಕ್ಷಿಣ ಕೊರಿಯಾದಲ್ಲಿ 2011ರಲ್ಲಿ ಕಾಯ್ದೆ ಮಾಡಿದರು, 16 ವರ್ಷದ ಒಳಗಿನವರು ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಆನ್‌ಲೈನ್ ಗೇಮ್ ಆಡುವಂತಿಲ್ಲ ಅಂತ. ಹತ್ತು ವರ್ಷ ಆದ ಮೇಲೆ ಅವರೇ ಅದನ್ನು ತೆಗೆದುಹಾಕಿದರು. ಕಂಪ್ಯೂಟರ್ ಗೇಮ್‌ಗಳಿಗೆ ಅಂತ ಮಾಡಿದ ಕಾನೂನು, ಅಷ್ಟರಲ್ಲಿ ಮಕ್ಕಳೆಲ್ಲ ಫೋನಿಗೆ ಹೋಗಿಬಿಟ್ಟಿದ್ದರು. ಚೀನಾ 2021ರಿಂದ 18ರ ಒಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ಹಬ್ಬದ ದಿನ ರಾತ್ರಿ ಎಂಟರಿಂದ ಒಂಬತ್ತು ಮಾತ್ರ ಅಂದಿದೆ. ನಮ್ಮಲ್ಲಿ ಪಬ್‌ಜಿಯನ್ನು 2020ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿದರು, ಕಾರಣ ಮಕ್ಕಳ ಓದಲ್ಲ, ದೇಶದ ಭದ್ರತೆ. ಅದೇ ಆಟ ಬಿಜಿಎಂಐ ಅನ್ನುವ ಹೊಸ ಹೆಸರಲ್ಲಿ 2021ರ ಜುಲೈಗೆ ವಾಪಸ್ ಬಂತು. ವಯಸ್ಸಿನ ಮಿತಿ ಇದ್ದರೆ ಅಪ್ಪನ ನಂಬರ್ ಹಾಕಿ ಲಾಗಿನ್ ಆಗುವುದು ನನ್ನ ಕ್ಲಾಸಿನ ಎಲ್ಲ ಮಕ್ಕಳಿಗೂ ಗೊತ್ತು.

ಕೆಲಸ ಮಾಡುವುದು ಮನೆಯ ನಿಯಮ. ಅದು ಮನೆಯವರಿಗೆಲ್ಲ ಒಂದೇ ಆಗಿರಬೇಕು. ಹನ್ನೊಂದು ಗಂಟೆ ಆಯಿತು ಅಂದರೆ ನಿಮ್ಮ ಫೋನು, ನಿಮ್ಮ ಹೆಂಡತಿಯ ಫೋನು, ಹುಡುಗನ ಫೋನು ಎಲ್ಲ ಹಾಲ್‌ನಲ್ಲಿ ಚಾರ್ಜಿಗೆ. ನಿಮ್ಮ ಕಂಪ್ಯೂಟರ್ ಕೂಡ ಅದೇ ಹೊತ್ತಿಗೆ ಆಫ್. ಅವನಿಗೆ ಸಂಜೆ ಆರರಿಂದ ಏಳು ಆಡಲು ಬಿಡಿ, ಕದ್ದು ಆಡುವ ಅಗತ್ಯವೇ ಬರಬಾರದು.

ನೇರ ಮಾತು:

ನನಗೆ ಈ ಎರಡೂ ಉತ್ತರದಲ್ಲಿ ಒಂದು ಕೊರತೆ ಕಾಣುತ್ತದೆ. ಅವರ ಮೊದಲ ಪ್ರಶ್ನೆ ಹುಡುಗನದಲ್ಲ, ಅವರದೇ. ದೊಡ್ಡವನು, ದುಡಿಯುವವನು, ದಿನಕ್ಕೊಂದು ಗಂಟೆ ಗೇಮ್ ಆಡಿದರೆ ಅದಕ್ಕೆ ಬೆಲೆ ಇದೆಯಾ ಅಂತ.

ಮೊದಲು ಸುಳ್ಳು ಸಮರ್ಥನೆಗಳನ್ನು ಪಕ್ಕಕ್ಕಿಡೋಣ. ಗೇಮ್ ಆಡಿದರೆ ಬುದ್ಧಿ ಚುರುಕಾಗುತ್ತದೆ ಅಂತ ಗೇಮ್ ಆಡುವವರೇ ಜಾಸ್ತಿ ಹೇಳುತ್ತಾರೆ. 2003ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇದೆ, ಆ್ಯಕ್ಷನ್ ಗೇಮ್ ಆಡುವವರು ಕಣ್ಣಿಗೆ ಬಿದ್ದದ್ದನ್ನು ಗಮನಿಸುವುದರಲ್ಲಿ ಮುಂದಿದ್ದರು ಅಂತ. ಸರಿ, ಒಪ್ಪೋಣ. ಆದರೆ ಅದರಿಂದ ನಿಮಗೆ ಬ್ಯಾಲೆನ್ಸ್ ಶೀಟ್ ಬೇಗ ಅರ್ಥ ಆಗುತ್ತದೆ ಅನ್ನಲು ಬರುವುದಿಲ್ಲ. ಮಿದುಳಿಗೆ ತರಬೇತಿ ಅಂತ ಗೇಮ್ ಮಾರಿದ ಲುಮೋಸಿಟಿ ಕಂಪನಿ ಜಾಹೀರಾತಿನಲ್ಲಿ ಆಧಾರ ಇಲ್ಲದ ಭರವಸೆ ಕೊಟ್ಟಿತು ಅಂತ ಅಮೆರಿಕದ ವ್ಯಾಪಾರ ಆಯೋಗ ಆರೋಪ ಹೊರಿಸಿತು, 2016ರಲ್ಲಿ ಕಂಪನಿ 20 ಲಕ್ಷ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ಫೋಲ್ಡಿಟ್ ಅಂತ, ಪ್ರೋಟೀನ್ ರಚನೆ ಬಿಡಿಸುವ ಒಂದು ಗೇಮ್, ಇನ್ನೊಂದು ಉದಾಹರಣೆ ಕೊಡುತ್ತಾರೆ. ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2008ರಲ್ಲಿ ಮಾಡಿದ್ದು, ಮಂಗಗಳಲ್ಲಿ ಏಡ್ಸ್ ತರಹದ ಕಾಯಿಲೆ ತರುವ ಒಂದು ವೈರಸ್ಸಿನ ಕಿಣ್ವದ ರಚನೆಯನ್ನು 2011ರಲ್ಲಿ ಆಟಗಾರರು ಕೆಲವೇ ವಾರದಲ್ಲಿ ಬಿಡಿಸಿದರು, ವಿಜ್ಞಾನಿಗಳಿಗೆ ವರ್ಷಗಟ್ಟಲೆ ಸಿಗದೆ ಇದ್ದದ್ದು. ಅದ್ಭುತ. ಆದರೆ ಅದು ವಿಜ್ಞಾನಕ್ಕಾಗಿಯೇ ಕಟ್ಟಿದ ಗೇಮ್. ನೀವೂ ನಾನೂ ರಾತ್ರಿ ಆಡುವುದು ಅದನ್ನಲ್ಲ.

ಹಾಗಂತ ಹಾನಿ ಅಂತಾನೂ ಸುಮ್ನೆ ಹೇಳಬಾರದು. ಆಕ್ಸ್‌ಫರ್ಡ್‌ನವರು 2022ರಲ್ಲಿ ಏಳು ಗೇಮ್‌ಗಳ ಸುಮಾರು 39,000 ಆಟಗಾರರನ್ನು ನೋಡಿದರು. ಎಷ್ಟು ಹೊತ್ತು ಆಡಿದಿರಿ ಅಂತ ಆಟಗಾರರನ್ನು ಕೇಳಲಿಲ್ಲ, ಕಂಪನಿಗಳ ಹತ್ತಿರ ಇದ್ದ ಲೆಕ್ಕವನ್ನೇ ತೆಗೆದುಕೊಂಡರು. ಆಡಿದ ಗಂಟೆಗೂ ಮನಸ್ಸಿನ ನೆಮ್ಮದಿಗೂ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ. ಕಂಡದ್ದು ಬೇರೆ. ಇಷ್ಟಪಟ್ಟು ಆಡುವವರು ಒಂದು ತರಹ, ಆಡಲೇಬೇಕು ಅನ್ನುವ ಒತ್ತಡಕ್ಕೆ ಆಡುವವರು ಇನ್ನೊಂದು ತರಹ. ಮೇಲೆ ಹಳೇ ಕೀಬೋರ್ಡ್ ಹೇಳಿದ್ದಕ್ಕೂ ಇದಕ್ಕೂ ಸರಿಯಾಗಿ ಹೊಂದುತ್ತದೆ.

ಈಗ ನನ್ನ ಮಾತು. ಒಂದು ಐಪಿಎಲ್ ಮ್ಯಾಚ್ ಮುಗಿಯಲು ಮೂರೂವರೆ ಗಂಟೆ ಬೇಕು. ಎರಡು ತಿಂಗಳು ದಿನಾ ಸಂಜೆ ಮನೆಮಂದಿ ಎಲ್ಲ ಕೂತು ನೋಡುತ್ತಾರೆ. ಅದಕ್ಕೆ ಬೆಲೆ ಇದೆಯಾ ಅಂತ ಯಾವ ಮೇಷ್ಟ್ರೂ ಕೇಳುವುದಿಲ್ಲ. ಚೌಕಾಬಾರ, ಅಳಗುಳಿಮಣೆ, ಆಡು ಹುಲಿ ಆಟ ನಮ್ಮ ಅಜ್ಜಿಯರು ಮಧ್ಯಾಹ್ನ ಪೂರ್ತಿ ಆಡುತ್ತಿದ್ದರು, ಹಳೇ ದೇವಸ್ಥಾನಗಳ ಕಲ್ಲು ಹಾಸಿನ ಮೇಲೆ ಇವತ್ತಿಗೂ ಆ ಮನೆಗಳನ್ನು ಕೊರೆದದ್ದು ಕಾಣುತ್ತದೆ. ಅಲ್ಲಿ ಕೂತು ಆಡಿದವರನ್ನು ನಾವು ಸೋಮಾರಿಗಳು ಅನ್ನುತ್ತೇವಾ? ದುಡಿದು ಬಂದ ಮನುಷ್ಯ ಆಡುವುದು ಹಕ್ಕು. ಅದರಿಂದ ಏನು ಬಂತು ಅಂತ ಲೆಕ್ಕ ಕೊಡಬೇಕಾಗಿಲ್ಲ.

ಆದರೆ ಆಡುವ ಗೇಮ್ ಒಳ್ಳೆಯದಾಗಿರಲಿ ಅನ್ನುವ ಹಟ ಇರಬೇಕು, ಇದನ್ನು ನಾನು ಬಿಡುವುದಿಲ್ಲ. ದಿಸ್ ವಾರ್ ಆಫ್ ಮೈನ್ ಅಂತ ಒಂದು ಪೋಲೆಂಡಿನ ಗೇಮ್, 2014ರದು. ಬೋಸ್ನಿಯಾ ಯುದ್ಧದ ಹೊತ್ತಿನ ಸರಾಯೆವೊ ಮುತ್ತಿಗೆಯಲ್ಲಿ ಸಿಕ್ಕಿಕೊಂಡಿದ್ದ ಜನರ ಅನುಭವದಿಂದ ಹುಟ್ಟಿದ್ದು. ಅದರಲ್ಲಿ ನೀವು ಸೈನಿಕ ಅಲ್ಲ. ಒಡೆದ ಮನೆಯಲ್ಲಿ ಇರುವ ಸಾಮಾನ್ಯ ಜನ. ರಾತ್ರಿ ಹೋಗಿ ಊಟ, ಔಷಧ ಹುಡುಕಿಕೊಂಡು ಬರಬೇಕು. ಒಂದು ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಇರುತ್ತಾರೆ, ಕಪಾಟಿನ ತುಂಬ ಸಾಮಾನು. ಕದ್ದರೆ ನಿಮ್ಮವರು ಬದುಕುತ್ತಾರೆ, ಅವರು ಬದುಕುವುದಿಲ್ಲ. ತಡೆಯಲು ಅವರ ಕೈಯಲ್ಲಿ ಶಕ್ತಿಯೂ ಇಲ್ಲ. ಕದ್ದು ವಾಪಸ್ ಬಂದರೆ ನಿಮ್ಮ ಪಾತ್ರ ಕುಗ್ಗಿಹೋಗುತ್ತದೆ, ಮಾತು ಬಿಡುತ್ತದೆ. ಯುದ್ಧದ ಬಗ್ಗೆ ಎಷ್ಟು ಓದಿದರೂ ಈ ತರಹ ಎದೆಗೆ ತಾಕುವುದು ಕಷ್ಟ, ಯಾಕೆಂದರೆ ಇಲ್ಲಿ ಬಾಗಿಲು ತೆಗೆದದ್ದು ನಿಮ್ಮ ಕೈ. ಪೋಲೆಂಡ್ ಸರ್ಕಾರ 2020ರಲ್ಲಿ ಇದನ್ನು ದೊಡ್ಡ ತರಗತಿಯ ಮಕ್ಕಳ ಓದಿನ ಪಟ್ಟಿಗೆ ಸೇರಿಸುವುದಾಗಿ ಘೋಷಿಸಿತು. ನಿಮ್ಮ ಅಪ್ಪ ಮೇಷ್ಟ್ರು ಅಂದಿರಲ್ಲ, ಈ ಗೇಮ್ ಒಂದು ರಾತ್ರಿ ಅವರನ್ನು ಪಕ್ಕ ಕೂರಿಸಿಕೊಂಡು ಆಡಿ ನೋಡಿ.

ಬಳ್ಳಾರಿ ಬಿಸಿಲು:

ಎಲ್ಲರೂ ಒಂದು ವಿಷಯ ಬಿಟ್ಟಿದ್ದೀರಿ. ದುಡ್ಡು ಕಟ್ಟಿ ಆಡುವುದು. ಆನ್‌ಲೈನ್ ರಮ್ಮಿ, ಆ ತರಹದ್ದು. ಅದನ್ನು ಈ ಪಟ್ಟಿಗೆ ಸೇರಿಸಲೇಬೇಡಿ. ನಮ್ಮ ಬೀದಿಯಲ್ಲಿ ಒಬ್ಬ ಅಣ್ಣ ಮನೆಯ ಚಿನ್ನ ಅಡ ಇಟ್ಟು ಆಡಿದ, ಆಮೇಲೆ ಊರೇ ಬಿಟ್ಟ. ಕರ್ನಾಟಕ 2021ರಲ್ಲಿ ನಿಷೇಧ ಮಾಡಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು. ಈಗ 2025ರ ಆಗಸ್ಟ್‌ನಲ್ಲಿ ಕೇಂದ್ರವೇ ಕಾಯ್ದೆ ತಂದು ದುಡ್ಡಿನ ಆಟ ನಿಲ್ಲಿಸಿದೆ, ಅದೇ ಕಾಯ್ದೆಯಲ್ಲಿ ಇ-ಸ್ಪೋರ್ಟ್ಸ್‌ಗೆ, ಅಂದರೆ ಸ್ಪರ್ಧೆಯಾಗಿ ಆಡುವ ಗೇಮ್‌ಗಳಿಗೆ ಬೇರೆ ಜಾಗ ಕೊಟ್ಟಿದೆ. ಹುಡುಗನ ಫೋನಿನಲ್ಲಿ ಯುಪಿಐ ಇದ್ದರೆ ಯಾವುದಕ್ಕೆ ದುಡ್ಡು ಹೋಗುತ್ತಿದೆ ಅಂತ ಒಮ್ಮೆ ನೋಡಿ ಅಣ್ಣಾ. ಬಿಜಿಎಂಐ ಸ್ಕಿನ್ ಆದರೆ ಪರವಾಗಿಲ್ಲ, ಕೂತು ಮಾತಾಡಬಹುದು. ಬೇರೆ ಏನಾದರೂ ಕಂಡರೆ ತಡ ಮಾಡಬೇಡಿ.

ಹುಬ್ಬಳ್ಳಿ ಟು ಟೊರಾಂಟೊ:

ನಾನು ಬರೆಯುವುದು ಬೇರೆ ಕಾರಣಕ್ಕೆ. ಇಲ್ಲಿ ಎಲ್ಲರೂ ಒಬ್ಬನೇ ಕೂತು ಆಡುವ ಮನುಷ್ಯನನ್ನು ಮನಸ್ಸಲ್ಲಿ ಇಟ್ಟುಕೊಂಡು ಮಾತಾಡುತ್ತಿದ್ದೀರಿ ಅನಿಸಿತು.

ಕಾಲೇಜು ಮುಗಿದ ಮೇಲೆ ನಮ್ಮ ಗ್ಯಾಂಗ್ ಚೆಲ್ಲಾಪಿಲ್ಲಿ ಆಯಿತು. ಇಬ್ಬರು ಹುಬ್ಬಳ್ಳಿಯಲ್ಲೇ, ಒಬ್ಬ ಪುಣೆ, ಒಬ್ಬ ದುಬೈ, ನಾನು ಇಲ್ಲಿ ಕೆನಡಾದಲ್ಲಿ. ವಾಟ್ಸಾಪ್ ಗ್ರೂಪ್ ಇದೆ, ಅದರಲ್ಲಿ ಹುಟ್ಟುಹಬ್ಬದ ಕೇಕು, ಹಬ್ಬದ ಶುಭಾಶಯ ಬಿಟ್ಟರೆ ಏನೂ ಬರುವುದಿಲ್ಲ. ಫೋನ್ ಮಾಡಿದರೆ "ಮತ್ತೇನಪಾ, ಆರಾಮ?" ಆದ ಮೇಲೆ ಮಾತು ಖಾಲಿ. ಆದರೆ ನಮ್ಮ ಶನಿವಾರ ಬೆಳಿಗ್ಗೆ, ಅಲ್ಲಿ ಅವರಿಗೆ ಸಂಜೆ, ಮೈನ್‌ಕ್ರಾಫ್ಟ್‌ನಲ್ಲಿ ಎಲ್ಲರೂ ಸೇರುತ್ತೇವೆ. ವ್ಯಾಲೊರಂಟ್ ಅನ್ನುವ ಬಂದೂಕಿನ ಗೇಮ್ ಆಡಲು ನೋಡಿದೆವು, ಇಲ್ಲಿಂದ ಮುಂಬೈ ಸರ್ವರ್‌ಗೆ ಪಿಂಗ್, ಅಂದರೆ ಸಿಗ್ನಲ್ ತಡವಾಗುವುದು, ವಿಪರೀತ, ನಾನು ಗುರಿ ಇಡುವಷ್ಟರಲ್ಲಿ ಸತ್ತಿರುತ್ತೇನೆ. ಮೈನ್‌ಕ್ರಾಫ್ಟ್‌ನಲ್ಲಿ ಆ ಅವಸರ ಇಲ್ಲ. ಕಲ್ಲು ಅಗೆಯುತ್ತಾ, ಗೋಡೆ ಕಟ್ಟುತ್ತಾ ಮಾತು ತಾನಾಗಿಯೇ ಬರುತ್ತದೆ. ಕೈಗೊಂದು ಕೆಲಸ ಇದ್ದಾಗ ಗಂಡಸರು ಮಾತಾಡುತ್ತಾರೆ, ಎದುರು ಬದುರು ಕೂರಿಸಿ ಹೇಗಿದ್ದೀಯಾ ಅಂದರೆ ಬಾಯಿ ಬಿಡುವುದಿಲ್ಲ. ನಮ್ಮಲ್ಲಿ ಒಬ್ಬನ ತಂದೆ ತೀರಿಕೊಂಡಾಗ ಅವನು ಮೊದಲ ಸಲ ಬಿಚ್ಚಿ ಮಾತಾಡಿದ್ದು ಅಲ್ಲೇ, ಇಬ್ಬರೂ ಸುರಂಗ ತೋಡುತ್ತಿದ್ದೆವು.

ನಾರ್ವೆಯ ಮಾಟ್ಸ್ ಸ್ಟೀನ್ ಬಗ್ಗೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹುಟ್ಟಿನಿಂದ ಡುಶೇನ್ ಅನ್ನುವ ಸ್ನಾಯು ಕ್ಷಯಿಸುವ ಕಾಯಿಲೆ. ಗಾಲಿಕುರ್ಚಿ, ಕೊನೆಗೆ ಬೆರಳು ಮಾತ್ರ ಆಡುತ್ತಿತ್ತು. ಬೇರೆ ಬೇರೆ ಕಡೆಯ ಜನ ಆನ್‌ಲೈನ್‌ನಲ್ಲಿ ಸೇರಿ ಆಡುವ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಗೇಮನ್ನು ವರ್ಷಗಟ್ಟಲೆ ಆಡುತ್ತಿದ್ದ. ತಂದೆ ತಾಯಿಗೆ ಇದ್ದ ದೊಡ್ಡ ಸಂಕಟ, ಮಗ ಯಾರ ಸ್ನೇಹವೂ ಇಲ್ಲದೆ, ಯಾರಿಗೂ ಬೇಕಾಗದೆ ಹೋದನಲ್ಲ ಅಂತ. 2014ರಲ್ಲಿ, 25ನೇ ವಯಸ್ಸಿಗೆ ತೀರಿಕೊಂಡ. ಅವನ ಬ್ಲಾಗಿನಲ್ಲಿ ಅವರು ಸಾವಿನ ಸುದ್ದಿ ಹಾಕಿದರು. ಆಮೇಲೆ ಪತ್ರಗಳು ಬರಲು ಶುರುವಾದವು, ಬೇರೆ ಬೇರೆ ದೇಶದಿಂದ. ನನ್ನ ಕಷ್ಟ ಕಾಲದಲ್ಲಿ ನಿಮ್ಮ ಮಗ ನನ್ನ ಜೊತೆಗಿದ್ದ, ನನಗೂ ನನ್ನ ಮಗನಿಗೂ ಮಾತು ಬೆಳೆಸಿಕೊಟ್ಟ, ಅಂಥವು. ಗಿಲ್ಡ್‌ನ, ಅಂದರೆ ಆಟದಲ್ಲಿನ ಅವನ ತಂಡದ ಕೆಲವರು ಬೇರೆ ದೇಶದಿಂದ ಅಂತ್ಯಸಂಸ್ಕಾರಕ್ಕೆ ಬಂದರು. ತಂದೆ ತಾಯಿ ಕಂಡದ್ದು ಪರದೆ ಮುಂದೆ ಕೂತ ಮಗನ ಬೆನ್ನು ಮಾತ್ರ. ಪರದೆಯ ಆಚೆ ಇದ್ದ ಜನ ಅವರಿಗೆ ಕಂಡಿರಲೇ ಇಲ್ಲ.

ಬೆಣ್ಣೆದೋಸೆ ಅಣ್ಣಾ, ನಿಮ್ಮ ಅಳಿಯನ ಪಿಸುಮಾತಿನ ಆ ಕಡೆ ಯಾರಿದ್ದಾರೆ ಅಂತ ಕೇಳಿದ್ದೀರಾ? ಹೊಸ ಊರು, ಹೊಸ ಕಾಲೇಜು. ಆ ಸ್ಕ್ವಾಡ್ ಅವನ ಹಳೇ ಊರಿನ ಹುಡುಗರೇ ಆಗಿದ್ದರೆ? ಆ ಹೊತ್ತನ್ನು ಕಿತ್ತುಕೊಂಡರೆ ಅವನಿಗೆ ಇರುವುದೇ ಅಷ್ಟು ಸ್ನೇಹ ಅನ್ನುವುದನ್ನೂ ಕಿತ್ತುಕೊಂಡ ಹಾಗೆ. ನಿದ್ದೆ ಮುಖ್ಯ, ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಹೊತ್ತು ಬದಲಾಯಿಸಿ, ಆದರೆ ಆ ಹುಡುಗರನ್ನು ಬಿಡಿಸಬೇಡಿ.

ನೇರ ಮಾತು:

ಇದು ನನಗೆ ಹೊಳೆದಿರಲಿಲ್ಲ. ಆದರೂ ಒಂದು ಅನುಮಾನ. ಸ್ಕ್ವಾಡ್‌ನಲ್ಲಿ ಅರ್ಧ ಜನ ಯಾರೋ ಏನೋ, ಮೈಕ್‌ನಲ್ಲಿ ಬರುವ ಬೈಗುಳ ಕೇಳಿದರೆ ಕಿವಿ ಮುಚ್ಚಿಕೊಳ್ಳಬೇಕು. ಎಲ್ಲವನ್ನೂ ಸ್ನೇಹ ಅನ್ನಲು ಆಗುವುದಿಲ್ಲ.

ಹುಬ್ಬಳ್ಳಿ ಟು ಟೊರಾಂಟೊ:

ಖರೇ. ಅದಕ್ಕೇ ಮೊದಲು ಕೇಳಿ ಅಂದೆ. ಗೊತ್ತಿರುವವರ ಜೊತೆ ಸ್ಕ್ವಾಡ್ ಬೇರೆ, ಗೇಮ್ ತಾನೇ ಸೇರಿಸುವ ಅಪರಿಚಿತರು, ರ‍್ಯಾಂಡಮ್ ಬೇರೆ. ರ‍್ಯಾಂಡಮ್ ಇದ್ದರೆ ಮೈಕ್ ಆಫ್ ಮಾಡಿಸಿ.

ಬೆಣ್ಣೆದೋಸೆ:

ಎಲ್ಲರಿಗೂ ಮನಸಾರೆ ಧನ್ಯವಾದ. ಇಷ್ಟು ಕಾಳಜಿಯಿಂದ ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ನಿನ್ನೆ ಸಂಜೆ ಅವನ ಪಕ್ಕ ಕೂತು ಒಂದು ಮ್ಯಾಚ್ ಪೂರ್ತಿ ನೋಡಿದೆ. ಸ್ಕ್ವಾಡ್‌ನಲ್ಲಿ ಮೂವರೂ ಹರಪನಹಳ್ಳಿಯ ಹುಡುಗರು, ಎಸ್ಸೆಸ್ಸೆಲ್ಸಿವರೆಗೆ ಒಂದೇ ಬೆಂಚು. ಟೊರಾಂಟೊ ಅವರು ಹೇಳಿದ್ದು ಹಾಗೇ ಇತ್ತು. ಆಟಕ್ಕಿಂತ ಜಾಸ್ತಿ ಯಾರ ಕಾಲೇಜಲ್ಲಿ ಏನಾಯಿತು ಅನ್ನುವ ಮಾತೇ ನಡೆಯಿತು. ಇಲ್ಲಿ ಕ್ಲಾಸಲ್ಲಿ ಇನ್ನೂ ಯಾರೂ ಅಷ್ಟು ಹತ್ತಿರ ಆಗಿಲ್ಲ ಅಂದ. ಅದನ್ನು ಕೇಳಿ ಸಂಕಟ ಆಯಿತು. ನಾವು ಯಾರೂ ಕೇಳಿರಲಿಲ್ಲ. ದುಡ್ಡು ಎಲ್ಲೂ ಹೋಗಿಲ್ಲ, ಯುಪಿಐ ನೋಡಿದೆ.

ಮೇಡಂ, ಹನ್ನೊಂದರ ನಿಯಮಕ್ಕೆ ಅವನು ಒಪ್ಪಿದ. ಒಂದು ಷರತ್ತು ಹಾಕಿದ, ಮಾಮನ ಕಂಪ್ಯೂಟರ್ ಕೂಡ ಹನ್ನೊಂದಕ್ಕೆ ಆಫ್ ಆಗಬೇಕು, ಶನಿವಾರ ಸೇರಿ. ಒಪ್ಪಿದ್ದೇನೆ. ಆ ಮೂವರೂ ಏಳೂವರೆಯಿಂದ ಎಂಟೂವರೆ ಆಡಲು ಸಿಗುತ್ತಾರಂತೆ, ಅವರ ಮನೆಗಳಲ್ಲೂ ಅದೇ ಗಲಾಟೆ ನಡೆಯುತ್ತಿದೆಯಂತೆ. ಶುರುವಾಗಿ ನಾಲ್ಕೇ ದಿನ, ನಿಲ್ಲುತ್ತದಾ ನೋಡಬೇಕು.

ಅಪ್ಪನ ವಿಷಯ. ಏಜ್ ಆಫ್ ಎಂಪೈರ್ಸ್‌ನಲ್ಲಿ 2022ರಲ್ಲಿ ಭಾರತದ ರಾಜವಂಶಗಳ ಕಂತು ಬಂತು, ರಾಜೇಂದ್ರ ಚೋಳನ ದಂಡಯಾತ್ರೆ ಇದೆ. ಅದನ್ನು ಆಡುತ್ತಿದ್ದಾಗ ಅಪ್ಪ ಹಿಂದೆ ಬಂದು ನಿಂತರು. ಅವರದು ಇತಿಹಾಸ ವಿಷಯ. "ಇವನ ಮಗ ರಾಜಾಧಿರಾಜ ಹೆಂಗೆ ಸತ್ತ ಗೊತ್ತೇನು" ಅಂತ ಕೇಳಿದರು. ಗೊತ್ತಿಲ್ಲ ಅಂದೆ. 1054ರ ಕೊಪ್ಪಂ ಯುದ್ಧದಲ್ಲಿ, ಆನೆಯ ಮೇಲೆ ಕೂತಿದ್ದವನು, ಎದುರಿಗೆ ಇದ್ದವನು ನಮ್ಮ ಕಲ್ಯಾಣದ ಚಾಲುಕ್ಯ ಒಂದನೇ ಸೋಮೇಶ್ವರ ಅಂತ ಶುರು ಮಾಡಿದವರು ಬಹಳ ಹೊತ್ತು ನಿಲ್ಲಿಸಲೇ ಇಲ್ಲ. ಪಿಯು ಹುಡುಗನೂ ಬಂದು ಕೂತ. ಅಪ್ಪ ಗೇಮ್ ಒಪ್ಪಿದರು ಅಂತಲ್ಲ, ಬೆಳಿಗ್ಗೆ ಮತ್ತೆ "ಪರೀಕ್ಷೆ ಕಟ್ಟು" ಅಂದರು.

ಇನ್ನೊಂದೇ ಪ್ರಶ್ನೆ. ನಾನೂ ಹುಡುಗನೂ ಒಟ್ಟಿಗೆ ಕೂತು ಆಡುವಂಥ ಗೇಮ್ ಯಾವುದಾದರೂ ಹೇಳಿ. ಹೊಡೆದಾಟ ಕಡಿಮೆ ಇರಲಿ, ಮಗಳು ಅಕ್ಕಪಕ್ಕ ಓಡಾಡುತ್ತಿರುತ್ತಾಳೆ.

ಹಳೇ ಕೀಬೋರ್ಡ್:

ಇಟ್ ಟೇಕ್ಸ್ ಟು. 2021ರದು, ಇಬ್ಬರಿಲ್ಲದೆ ಆಡಲು ಬರುವುದೇ ಇಲ್ಲ, ಒಬ್ಬನೇ ಕೂತರೆ ಶುರುವೇ ಆಗುವುದಿಲ್ಲ. ಒಬ್ಬನಿಗೆ ಮೊಳೆ ಎಸೆಯುವ ಶಕ್ತಿ ಕೊಟ್ಟರೆ ಇನ್ನೊಬ್ಬನಿಗೆ ಸುತ್ತಿಗೆ, ಆ ಮೊಳೆ ಇಲ್ಲದೆ ಸುತ್ತಿಗೆಗೆ ಕೆಲಸ ಇಲ್ಲ. ಕಥೆ ಗಂಡ ಹೆಂಡತಿ ಜಗಳದ್ದು, ನಡುವೆ ಒಂದು ಮಗು ಇದೆ, ಒಂದು ದೃಶ್ಯ ಚಿಕ್ಕ ಮಕ್ಕಳಿಗೆ ಬೇಸರ ತರಿಸುತ್ತದೆ, ಮಗಳು ಮಲಗಿದ ಮೇಲೆ ಆಡಿದರೆ ಒಳ್ಳೆಯದು. ಒಂದೇ ಕಂಪ್ಯೂಟರಿನಲ್ಲಿ ಇಬ್ಬರು ಆಡಲು ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್ ಒಂದಾದರೂ ಬೇಕು, ಇನ್ನೊಬ್ಬರು ಕೀಬೋರ್ಡ್‌ನಲ್ಲಿ ಆಡಬಹುದು. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಸೇಲ್ ಬರುವವರೆಗೆ ಕಾಯಿರಿ, ಬೆಲೆ ಚೆನ್ನಾಗಿ ಇಳಿಯುತ್ತದೆ. ಕೊಂಡ ಮೇಲೆ ನಿಮ್ಮ ಕಂಪ್ಯೂಟರ್‌ನಲ್ಲಿ ಸರಿಯಾಗಿ ಓಡದಿದ್ದರೆ 14 ದಿನದ ಒಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ದುಡ್ಡು ವಾಪಸ್ ಕೇಳಬಹುದು. ಕಂಟ್ರೋಲರ್ ಹುಡುಗನ ಕೈಗೆ ಕೊಡಿ, ನೀವು ಕೀಬೋರ್ಡ್ ಇಟ್ಟುಕೊಳ್ಳಿ.